ಮನೆಯಲ್ಲಿ ಕಲಿತವರಿಗೆ ಸೇನಾ ಅಕಾಡೆಮಿಯ ದಾರಿ ಸ್ಪಷ್ಟವಾಗಲಿ

ಮಾನ್ಯ ಸಂಪಾದಕರೇ,

ಶಾಲೆಗೆ ಹೋಗದೆ ಮನೆಯಲ್ಲೇ ಓದಿದ ಮಕ್ಕಳು ಸೇನಾಧಿಕಾರಿಗಳಾಗಲು ಸಾಧ್ಯವಿಲ್ಲ ಎಂಬ ಮಾತು ಪೋಷಕರ ನಡುವೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅಧಿಸೂಚನೆಯನ್ನು ತೆರೆದು ಓದಿ ನೋಡುವವರೇ ಕಡಿಮೆ. ಓದದೆ ನಂಬಿದ್ದರಿಂದ ನಮ್ಮ ಮನೆಯಲ್ಲೇ ಆದ ನಷ್ಟ ಇನ್ನೊಬ್ಬರಿಗೆ ಆಗದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಐದನೇ ತರಗತಿಯ ನಂತರ ಮನೆಯಲ್ಲೇ ಕಲಿತವಳು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಹತ್ತನೇ ತರಗತಿ ಪರೀಕ್ಷೆ ಮುಗಿಸಿದಾಗ ನೌಕಾಪಡೆ ಸೇರುವ ಆಸೆ ಹೇಳಿಕೊಂಡಳು. ಅವಳನ್ನು ಸೇನಾಧಿಕಾರಿಗಳನ್ನು ರೂಪಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎಯ, ಪ್ರವೇಶ ಪರೀಕ್ಷೆಗೆ ಸಿದ್ಧಪಡಿಸುವ ಒಂದು ತರಬೇತಿ ಕೇಂದ್ರಕ್ಕೆ ಕರೆದೊಯ್ದೆ. ‘ಓಪನ್ ಸ್ಕೂಲಿನವರನ್ನು ಎನ್‌ಡಿಎಗೆ ತೆಗೆದುಕೊಳ್ಳುವುದಿಲ್ಲ’ ಎಂದು ಅಲ್ಲಿ ಖಡಾಖಂಡಿತವಾಗಿ ಹೇಳಿ ಕಳುಹಿಸಿದರು. ನಾವು ನಂಬಿದೆವು. ವಿಷಯಗಳ ಪಟ್ಟಿಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಮುಂದೆ ಪೆನ್ಸಿಲಿನಿಂದ ಹಾಕಿಕೊಂಡಿದ್ದ ಗುರುತನ್ನು ಆ ರಾತ್ರಿ ಅವಳೇ ಅಳಿಸಿ, ಇತಿಹಾಸಕ್ಕೂ ಸಮಾಜಶಾಸ್ತ್ರಕ್ಕೂ ಗುರುತು ಹಾಕಿದಳು.

ವಾಸ್ತವವೇ ಬೇರೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಎನ್‌ಡಿಎ ಪರೀಕ್ಷೆಗೆ ಬೇಕಾಗಿರುವುದು ಹನ್ನೆರಡನೇ ತರಗತಿ ಅಥವಾ ತತ್ಸಮಾನ ಪರೀಕ್ಷೆಯ ತೇರ್ಗಡೆ. ಎನ್‌ಐಒಎಸ್ ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಮಂಡಳಿ. ಭೂಸೇನಾ ವಿಭಾಗಕ್ಕೆ ಯಾವ ವಿಷಯ ಓದಿದ್ದರೂ ಆಗುತ್ತದೆ, ಆದರೆ ವಾಯುಪಡೆ, ನೌಕಾಪಡೆ ಹಾಗೂ ಕೇರಳದ ಎಳಿಮಲದ ನೌಕಾ ಅಕಾಡೆಮಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಕಡ್ಡಾಯ. ಇದು ನಮಗೆ ತಡವಾಗಿ ತಿಳಿದಿದ್ದರಿಂದ ಅವಳು ಆ ಎರಡು ವಿಷಯಗಳಿಗೆ ಮತ್ತೆ ನೋಂದಾಯಿಸಿ, ಪ್ರಾಯೋಗಿಕ ಪರೀಕ್ಷೆಗಳ ಸಮೇತ ಹೊಸದಾಗಿ ಬರೆಯಬೇಕಾಯಿತು. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನವರಿಗೆ ಮಾತ್ರ ಇರುವ ಈ ಅವಕಾಶದಲ್ಲಿ ಒಂದು ವರ್ಷ ಕೈತಪ್ಪಿದರೆ ಎರಡು ಪರೀಕ್ಷೆಗಳು ಕೈತಪ್ಪಿದಂತೆ. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು ನಮ್ಮ ಹುಡುಗಿಗೆ ಬರೀ ತಪ್ಪು ಮಾಹಿತಿಯಿಂದ ಅರ್ಧ ಮುಚ್ಚಿತು.

ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯ ಮೂರು ವರ್ಷಗಳ ಶಿಕ್ಷಣ, ಊಟ, ವಸತಿಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ, ಕಡಿಮೆ ವರಮಾನದ ಪೋಷಕರ ಮಕ್ಕಳಿಗೆ ಮಾಸಿಕ ನೆರವೂ ಇದೆ. ಮನೆಯಲ್ಲಿ ಕಲಿಸುವ ಸಾಧಾರಣ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಯಾವುದಿದೆ?

ಚಿಕ್ಕ ಮಕ್ಕಳ ಪಾಲಿಗೆ ಮಾತ್ರ ತೊಡಕು ನಿಯಮದಲ್ಲೇ ಇದೆ. ಡೆಹ್ರಾಡೂನಿನ ರಾಷ್ಟ್ರೀಯ ಭಾರತೀಯ ಸೇನಾ ಕಾಲೇಜಿಗೆ ಅರ್ಜಿ ಹಾಕುವ ಮಗು ಪ್ರವೇಶದ ಹೊತ್ತಿಗೆ ಮಾನ್ಯತೆ ಪಡೆದ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿರಬೇಕು ಇಲ್ಲವೇ ತೇರ್ಗಡೆಯಾಗಿರಬೇಕು. ವಿಜಯಪುರ, ಕೊಡಗಿನಂಥ ಸೈನಿಕ ಶಾಲೆಗಳ ಒಂಬತ್ತನೇ ತರಗತಿಗೂ ಮಾನ್ಯತೆ ಪಡೆದ ಶಾಲೆಯ ಎಂಟನೇ ತರಗತಿ ಬೇಕು. ಅಂಥ ಶಾಲೆಯ ದಾಖಲೆ ಇಲ್ಲದ ಮಗುವಿಗೆ ಈ ದಾರಿ ಮುಚ್ಚಿದಂತೆಯೇ. ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣದ ‘ಸಿ’ ಹಂತ ಎಂಟನೇ ತರಗತಿಗೆ ಸಮಾನವಾಗಿರುವಾಗ, ಸೈನಿಕ ಶಾಲೆಗಳ ಪ್ರವೇಶ ನಿಯಮದಲ್ಲಿ ಅದರ ಹೆಸರನ್ನು ಸೇರಿಸುವುದಕ್ಕೆ ಅಡ್ಡಿಯೇನು? ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಮನೆಯಲ್ಲಿ ಕಲಿತವರ ಅರ್ಜಿಯನ್ನು ಸ್ವೀಕರಿಸುತ್ತದೆ. ಕಾಲೇಜು ವ್ಯಾಸಂಗದ ಜೊತೆಗೇ ಅಧಿಕಾರಿ ತರಬೇತಿ ಕೊಡುವ ಅಲ್ಲಿನ ಆರ್‌ಒಟಿಸಿ ವಿದ್ಯಾರ್ಥಿವೇತನಕ್ಕೂ ಅವರು ಅರ್ಹರು.

ಒಂಟಿಯಾಗಿ ಬೆಳೆದ ಮಕ್ಕಳು ತುಕಡಿಯೊಡನೆ ಹೇಗೆ ಹೊಂದಿಕೊಂಡಾರು ಎಂಬ ಆಕ್ಷೇಪ ಕೇಳಿಬರುತ್ತದೆ. ನ್ಯಾಯವಾದ ಪ್ರಶ್ನೆಯೇ, ಆದರೆ ಅದಕ್ಕೆ ಉತ್ತರ ಕಂಡುಕೊಳ್ಳಲೆಂದೇ ಲಿಖಿತ ಪರೀಕ್ಷೆಯ ನಂತರ ಸೇನೆಯ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ, ಸಂದರ್ಶನ ಇದೆ. ಲಿಖಿತ ಪರೀಕ್ಷೆಯಷ್ಟೇ, ಅಂದರೆ 900 ಅಂಕಗಳ ಆ ಸಂದರ್ಶನದಲ್ಲಿ ಐದು ದಿನ ಗುಂಪು ಚರ್ಚೆ, ಗುಂಪು ಕಾರ್ಯಗಳ ನಡುವೆ ಅಭ್ಯರ್ಥಿಯನ್ನು ಕಣ್ಣಾರೆ ಕಂಡು ಅಳೆಯುತ್ತಾರೆ. ಅಳೆಯುವ ಮೊದಲೇ ಅರ್ಜಿಯ ಹಂತದಲ್ಲಿ ತಡೆಯುವುದು ಸರಿಯಲ್ಲ.

ಯುಪಿಎಸ್‌ಸಿಯು ‘ತತ್ಸಮಾನ’ ಎಂಬ ಪದದ ಪಕ್ಕದಲ್ಲೇ ಎನ್‌ಐಒಎಸ್ ಹೆಸರನ್ನು ಮುದ್ರಿಸಲಿ. ರಕ್ಷಣಾ ಸಚಿವಾಲಯವು ಸೈನಿಕ ಶಾಲೆ ಮತ್ತು ಡೆಹ್ರಾಡೂನ್ ಕಾಲೇಜಿನ ನಿಯಮಗಳಲ್ಲಿ ಮುಕ್ತ ಶಾಲೆಯ ಪ್ರಮಾಣಪತ್ರವನ್ನು ಒಪ್ಪಿಕೊಳ್ಳಲಿ. ಹತ್ತನೇ ತರಗತಿ ಮುಗಿಸಿ ವಿಷಯ ಆರಿಸಿಕೊಳ್ಳಲು ಕೂತಿರುವ ಮಕ್ಕಳ ಪೋಷಕರು ಅರ್ಜಿ ತುಂಬುವ ಮೊದಲು ಯಾರ ಮಾತನ್ನೂ ನೆಚ್ಚದೆ ಅಧಿಸೂಚನೆಯನ್ನು ತಾವೇ ಓದಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗ