ಯಾವ ಪಶ್ಚಿಮ?

ತಮ್ಮಾ,

ನಿನ್ನ ಲೇಖನ ಎರಡು ಸಲ ಓದಿದೆ. ‘ಪಶ್ಚಿಮಕ್ಕೆ ದೇಹ, ಪೂರ್ವಕ್ಕೆ ಆತ್ಮ’ ಅಂತ ಶುರು ಮಾಡಿದ್ದೀಯ. ಆಮೇಲೆ ಉಪನಿಷತ್ತು, ಬುದ್ಧ, ಚೀನಾದ ದಾರ್ಶನಿಕ ಲಾವೋತ್ಸೆ ಸಾಲಾಗಿ ಬಂದು ನಿನ್ನ ಪರ ಸಾಕ್ಷಿ ಹೇಳಿ ಹೋಗುತ್ತಾರೆ. ಅವರವರಲ್ಲೇ ಜಗಳ ಇತ್ತಲ್ಲಪ್ಪ! ಉಪನಿಷತ್ತು ಹಿಡಿದುಕೊಂಡ ಆತ್ಮವನ್ನೇ ಬುದ್ಧ ಒಪ್ಪಲಿಲ್ಲ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಹೇಗೆ?

ನಾನೂ ಇಪ್ಪತ್ತೈದರಲ್ಲಿ ಇಂಥದ್ದೇ ಬರೆದಿದ್ದೆ. ಸಂಪಾದಕರೊಬ್ಬರು ಪಕ್ಕದಲ್ಲಿ ‘ಯಾವ ಪಶ್ಚಿಮ?’ ಅಂತ ಪೆನ್ಸಿಲಿನಲ್ಲಿ ಗೀಚಿ ವಾಪಸ್ ಕಳಿಸಿದರು. ಒಂದು ವಾರ ಸಿಟ್ಟಿತ್ತು.

ಗಾಂಧಿ ಆಧುನಿಕ ನಾಗರಿಕತೆಯನ್ನು ಬೈದು ಬರೆದ ‘ಹಿಂದ್ ಸ್ವರಾಜ್’ ಮತ್ತೆ ಓದು. ಈ ಸಲ ಕೊನೆಯಿಂದ. ಅಲ್ಲಿ ಗಾಂಧಿ ಓದಬೇಕಾದ 20 ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ. ಭಾರತೀಯರದ್ದು ಎರಡೇ, ದಾದಾಭಾಯಿ ನವರೋಜಿ ಮತ್ತು ರಮೇಶಚಂದ್ರ ದತ್ತರದ್ದು. ಅವೂ ವೇದಾಂತದ ಪುಸ್ತಕಗಳಲ್ಲ. ದೇಶ ಬಡವಾದ ಲೆಕ್ಕ. ರಷ್ಯದ ಟಾಲ್‌ಸ್ಟಾಯ್ ಒಬ್ಬರದ್ದೇ ಆರು. ಇಂಗ್ಲೆಂಡಿನ ರಸ್ಕಿನ್, ಅಮೆರಿಕದ ಥೋರೋ ಎರಡೆರಡು. ನಾಗರಿಕತೆಯೇ ಒಂದು ಕಾಯಿಲೆ ಅಂದ ಎಡ್ವರ್ಡ್ ಕಾರ್ಪೆಂಟರ್ ಕೂಡ ಇಂಗ್ಲೆಂಡಿನವರೇ. ಪಶ್ಚಿಮವನ್ನು ಬೈಯುವವರು ಪಶ್ಚಿಮದಲ್ಲೇ ಇದ್ದರು, ಗಾಂಧಿ ಅದನ್ನು ಮುಚ್ಚಿಡಲಿಲ್ಲ.

ಆ ಪುಸ್ತಕ ಬರೆದದ್ದೂ ಹಡಗಿನಲ್ಲಿ. 1909ರ ನವೆಂಬರ್, ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಹೊರಟ ‘ಕಿಲ್ಡೋನನ್ ಕ್ಯಾಸಲ್’. ಹಡಗಿನದೇ ಕಾಗದ, ಹತ್ತು ದಿನ. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಯಂತ್ರವನ್ನು ಬೈಯುತ್ತಾ ಯಂತ್ರದ ಹೊಟ್ಟೆಯಲ್ಲೇ ಕೂತಿದ್ದರು! ‘ನಿಮ್ಮ ಮಾತೂ ಯಂತ್ರದಲ್ಲೇ ಅಚ್ಚಾಗುತ್ತದಲ್ಲ’ ಅಂತ ಪುಸ್ತಕದೊಳಗಿನ ಓದುಗನೇ ಕೇಳುತ್ತಾನೆ; ಇಡೀ ಪುಸ್ತಕ ಓದುಗ ಮತ್ತು ಸಂಪಾದಕರ ಸಂವಾದವಲ್ಲವೇ. ಕೆಲವು ಸಲ ವಿಷ ತೆಗೆಯಲು ವಿಷ ಬೇಕು ಅನ್ನುವುದು ಸಂಪಾದಕನ ಬಾಯಲ್ಲಿ ಗಾಂಧಿಯ ಉತ್ತರ. ಎದುರಾಳಿಯ ಒಳ್ಳೆಯ ಪ್ರಶ್ನೆಗೆ ಹೀಗೆ ಜಾಗ ಕೊಡಬೇಕು. ನಿನ್ನ ಲೇಖನದಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ.

ರೈಲಿನ ಅಧ್ಯಾಯವನ್ನೂ ನೋಡು. ರೈಲು ಪ್ಲೇಗು ಹರಡಿತು, ಬೆಲೆ ಜಾಸ್ತಿ ಇರುವ ಕಡೆ ಧಾನ್ಯ ಸಾಗಿ ಬರ ಹೆಚ್ಚಾಯಿತು ಅನ್ನುತ್ತಾರೆ. ಕೈಕಾಲು ಒಯ್ದಷ್ಟೇ ದೂರ ಮನುಷ್ಯ ಓಡಾಡಬೇಕು ಎಂಬ ಮಾತು ಬರುವುದು ಅದಾದ ಮೇಲೆ. ಎಲ್ಲವನ್ನೂ ಒಪ್ಪಬೇಕಾಗಿಲ್ಲ. ವೈದ್ಯರನ್ನು ಅವರು ಬೈದದ್ದು ನನಗೂ ಒಪ್ಪಿಗೆಯಿಲ್ಲ. ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು ಹೇಗೆ ಒಪ್ಪಲಿ?

ನಿನ್ನ ಮೂರನೇ ಪುಟದಲ್ಲಿ, ಕೆಟ್ಟ ಮಿಕ್ಸಿಯನ್ನು ಎಸೆಯಲು ಬಿಡದೆ ಅಟ್ಟ ಹತ್ತಿಸಿದ ಅಜ್ಜಿ ಒಂದೇ ಸಾಲಿಗೆ ಮುಗಿದುಹೋಗಿದ್ದಾರೆ. ಅದಕ್ಕೆ ಸುಮ್ನೆ ‘ಅಪರಿಗ್ರಹ’ ಅಂತ ಹೆಸರಿಟ್ಟಿದ್ದೀಯ. ಅಪರಿಗ್ರಹ ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದು. ಹಳೆಯದನ್ನೆಲ್ಲ ಕೂಡಿಡುವುದು ಅಪರಿಗ್ರಹ ಹೇಗಾಗುತ್ತದೆ? ಅಜ್ಜಿಯನ್ನೇ ಕೇಳು. ರಿಪೇರಿ ಅಂಗಡಿಯವನು ಏನಂದ ಅಂತಲೂ ಬರೆದು ಕಳಿಸು.