ಹೆಡ್ ಆಫೀಸಿಗೆ ಹೋದ ಮಗಳಿಗೆ

ಪುಟ್ಟೀ,

ಕರೆಂಟ್ ಕಂಪನಿಯ ಸಿಬ್ಬಂದಿ ಶಾಖೆಯ ಅಧಿಕಾರಿಯಾಗಿ ನೀನು ಬೆಂಗಳೂರು ಸೇರಿದ ಸುದ್ದಿ ನಿನ್ನಮ್ಮನಿಂದ ಗೊತ್ತಾಯಿತು. ನನ್ನ ಹತ್ತಿರ ಮಾತಾಡಲಿಲ್ಲ. ಇರಲಿ. ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಏನೇನು ಮಾತು ಬಂತು ಅಂತ ಮತ್ತೆ ಬರೆಯುವುದಿಲ್ಲ. "ಒಂದು ಸಲ ಕಂಬ ಹತ್ತಿ ನೋಡು, ಆಮೇಲೆ ಸಸ್ಪೆಂಡ್ ಮಾಡು" ಅಂದಿದ್ದು ಜಾಸ್ತಿಯಾಯಿತು ಅಂತ ನಿನ್ನಮ್ಮ ದಿನಾ ಹೇಳುತ್ತಿದ್ದಾಳೆ. ಆಗಿರಬಹುದು. ಆದರೆ ನಾನು ಪೂರ್ತಿ ಹೇಳುವ ಮೊದಲೇ ನೀನು ತಟ್ಟೆ ಬಿಟ್ಟು ಎದ್ದೆ. ಫೋನಿನಲ್ಲಿ ನನಗೆ ಮಾತು ಸರಿಯಾಗಿ ಬರುವುದಿಲ್ಲ. ಅದಕ್ಕೇ ಈ ಕಾಗದ.

ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನುಮತಿ, ತೆಗೆದುಕೊಳ್ಳದೆ 11 ಕೆವಿ ಲೈನಿಗೆ ಕೈ ಹಾಕಿದ ಲೈನ್‌ಮನ್ ಹುಡುಗನನ್ನು ಅಮಾನತು ಮಾಡಿದ್ದು ತಪ್ಪು ಅಂತ ನಾನು ಹೇಳಲೇ ಇಲ್ಲ. ಸಬ್‌ಸ್ಟೇಷನ್ನಿನವರು ಫೀಡರ್ ಆಫ್ ಮಾಡಿ, ಪುಸ್ತಕದಲ್ಲಿ ಬರೆದುಕೊಂಡು, ನಂಬರ್ ಕೊಡುವ ತನಕ ಕಂಬದ ಬುಡದಲ್ಲೇ ನಿಲ್ಲಬೇಕು. ಇದನ್ನು ನನಗೆ ಬೇರೆಯವರು ಹೇಳಿಕೊಡಬೇಕಾ?

ನನ್ನ ಜೊತೆ ಲೈನ್ ಕೆಲಸ ಮಾಡುತ್ತಿದ್ದ ಕವಳದ ಮಾವ ನಿನಗೆ ಚೆನ್ನಾಗಿ ನೆನಪಿದ್ದಾನೆ. ಅವನು ಹೋದ ದಿನ ಮಾತ್ರ ನಿನಗೆ ಗೊತ್ತಿಲ್ಲ. ಆಗ ನೀನು ಶಂಕರಘಟ್ಟದ ಹಾಸ್ಟೆಲ್‌ನಲ್ಲಿದ್ದೆ. ಆರಿದ್ರಾ ಮಳೆ. ಹುಲಿಕಲ್ ಕಡೆ ಮರ ಬಿದ್ದು ಲೈನ್ ಹರಿದಿತ್ತು. ಅವನು ಎಲ್‌ಸಿ ತೆಗೆದುಕೊಂಡಿದ್ದ. ಪಕ್ಕದಲ್ಲೇ ನಿಂತು ನಾನೂ ಕೇಳಿಸಿಕೊಂಡಿದ್ದೆ. ಲೈನ್ ಕತ್ತರಿಸುವ ಕಂಬದ ಸ್ವಿಚ್ಚು, ಜಿಓಎಸ್ ಕೂಡ ಎಳೆದಿದ್ದೆವು. ಲೈನಿನಲ್ಲಿ ಕರೆಂಟ್ ಇಲ್ಲ ಅಂತಲೇ ನಮ್ಮ ಲೆಕ್ಕ. ಕೆಳಗಿನ ಊರಿನ ಅಕ್ಕಿ ಗಿರಣಿಯಲ್ಲಿ ಯಾರೋ ಜನರೇಟರ್ ಹಚ್ಚಿದರು. ಚೇಂಜ್‌ಓವರ್ ಸ್ವಿಚ್ ಇಲ್ಲ, ಸೀದಾ ವೈರಿಂಗಿಗೆ ಸಿಕ್ಕಿಸಿದ್ದರು. ಆ ಕರೆಂಟ್ ಟಿಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ, ಹಿಂದಕ್ಕೆ ನುಗ್ಗಿತು. 400 ವೋಲ್ಟ್ ಇದ್ದದ್ದು 11,000 ಆಗಿ ಲೈನಿಗೆ ಬಂತು.

ಲೈನನ್ನು ನೆಲಕ್ಕೆ ಜೋಡಿಸುವ ಡಿಸ್ಚಾರ್ಜ್ ರಾಡ್ ಹಾಕಿ ಎರಡೂ ಕಡೆ ಅರ್ಥ್ ಮಾಡಿದ್ದರೆ ಬದುಕುತ್ತಿದ್ದ. ರಾಡ್ ಜೀಪಿನಲ್ಲೇ ಇತ್ತು. ಜೀಪು ರಸ್ತೆಯಲ್ಲಿತ್ತು. ನಾವು ತೋಟ ದಾಟಿ, ಹಳ್ಳ ದಾಟಿ ಗುಡ್ಡದ ಮೇಲಿದ್ದೆವು. ಒಬ್ಬ ಕಂಬದ ಮೇಲೆ, ಒಬ್ಬ ಕೆಳಗೆ. ಹೋಗಿ ತರಲು ಮೂರನೆಯವನಿರಲಿಲ್ಲ. ಕಾಲಿಗೆ ಇಂಬಳ ಹತ್ತಿದ್ದವು. ಮೂರು ದಿನದಿಂದ ಕರೆಂಟಿಲ್ಲದ ಜನ ಕೆಳಗೆ ನಿಂತು ಬೈಯುತ್ತಿದ್ದರು. "ಐದು ನಿಮಿಷದ ಕೆಲಸ ಮಾರಾಯ" ಅಂದ ಮಾವ.

ಅವನ ಮನೆಗೆ ಸುದ್ದಿ ತೆಗೆದುಕೊಂಡು ಹೋದವನು ನಾನೇ. ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ನಿಂತೆ. ಅತ್ತಿಗೆ ಬಾಗಿಲಿಗೆ ಬಂದು, "ಇಬ್ಬರಿಗೂ ಅನ್ನ ಇದೆ, ಕಾಲು ತೊಳಕೊಂಡು ಬನ್ನಿ" ಅಂದರು. ನಾನು ಒಬ್ಬನೇ ಬಂದಿದ್ದೇನೆ ಅಂತ ಅವರು ನೋಡಲೇ ಇಲ್ಲ, ಕತ್ತಲಲ್ವಾ. ರಾಡ್ ಜೀಪಿನಲ್ಲಿತ್ತು ಅಂತ ಅವರಿಗೆ ಇವತ್ತಿಗೂ ಹೇಳಿಲ್ಲ. ಹೇಳಿ ಏನು ಪ್ರಯೋಜನ? ಕಂಬದಿಂದ ಜೀಪಿಗೆ ಹೋಗಿಬರಲು ಎಷ್ಟು ಹೊತ್ತು ಬೇಕಿತ್ತು ಅಂತ ಮಾತ್ರ ಈಗಲೂ ಲೆಕ್ಕ ಹಾಕುತ್ತೇನೆ. ಮಳೆಯಿಲ್ಲದಿದ್ದರೆ ಇಷ್ಟು, ಹಳ್ಳ ತುಂಬಿದ್ದರೆ ಇಷ್ಟು. ರಾತ್ರಿ ನಿದ್ದೆ ಬರದಿದ್ದಾಗ ಇದೇ ಕೆಲಸ. ನಿನ್ನಮ್ಮನಿಗೆ ಹೇಳಬೇಡ.

ಆಮೇಲಿನದು ನಿನ್ನ ಕೆಲಸಕ್ಕೆ ಸೇರಿದ ವಿಷಯ. ಸರ್ವಿಸ್ ರಿಜಿಸ್ಟರಿನಲ್ಲಿ ಅವನ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಅಷ್ಟಕ್ಕೇ ಅತ್ತಿಗೆ ಎಷ್ಟು ಅಲೆದರು! ಅವನಿಗಿದ್ದದ್ದು ಒಬ್ಬಳೇ ಮಗಳು, ಮದುವೆಯಾಗಿತ್ತು. ಮದುವೆಯಾದ ಮಗಳಿಗೆ ಅನುಕಂಪದ ಕೆಲಸ ಕೊಡಲು ಆಗಿನ ನಿಯಮದಲ್ಲಿ ದಾರಿಯಿರಲಿಲ್ಲ. 2020ರ ಕೊನೆಗೆ ಹೈಕೋರ್ಟ್ ಅದು ಸರಿಯಲ್ಲ ಅಂದಮೇಲೆ, 2021ರಲ್ಲಿ ಸರ್ಕಾರ ನಿಯಮ ತಿದ್ದಿತು. ಪೇಪರಿನಲ್ಲಿ ಓದಿದ ದಿನ ಅದನ್ನು ಅತ್ತಿಗೆಗೆ ತೋರಿಸಲೋ ಬೇಡವೋ ಅಂತ ಸುಮ್ನೆ ಮಡಚಿಟ್ಟೆ.

ಈಗ ನಿನ್ನ ಟೇಬಲ್ಲಿಗೆ ಬರುವುದು ಇಂಥ ಫೈಲುಗಳೇ. ನಮ್ಮ ಕಾಲದಲ್ಲಿ ಸಿಬ್ಬಂದಿ ಶಾಖೆ ಅಂದರೆ ಇನ್‌ಕ್ರಿಮೆಂಟ್, ರಜೆ, ವರ್ಗಾವಣೆ. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆ ಕೆಲಸ ಬೇರೆ ಬೇರೆ ಕಂಪನಿಗಳ ಪಾಲಾಯಿತು. ನಾವು ಯಾರ ನೌಕರರು, ಪಿಂಚಣಿ ಕೊಡುವವರು ಯಾರು ಅಂತ ಟೀ ಅಂಗಡಿಯಲ್ಲಿ ಕೂತು ದಿಗಿಲು ಬಿದ್ದಿದ್ದೆವು. ನನಗಂತೂ ಪಿಂಚಣಿ ಬರುತ್ತಿದೆ. 2006ರ ಏಪ್ರಿಲ್ ಮೇಲೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ನೀನು ಅಮಾನತು ಮಾಡಿದ ಹುಡುಗನೂ ಅವರಲ್ಲೊಬ್ಬ. ಅರ್ಧ ಸಂಬಳದಲ್ಲಿ ಮನೆ ನಡೆಸುತ್ತಿದ್ದಾನೆ.

ಉಪದೇಶ ಬೇಡ ಅಂತಲೇ ಕೂತೆ, ಆದರೂ ಬರೆಯುತ್ತೇನೆ. ಖಾಲಿ ಹುದ್ದೆಯನ್ನು ಬರೀ ಪಟ್ಟಿಯಲ್ಲಿ ನೋಡಬೇಡ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆಯ ಒಂದೊಂದು ಸೆಕ್ಷನ್ನಿಗೆ ಹೋಗಿ ಕೂತು ನೋಡು. ಬೇಸಿಗೆಯಲ್ಲಿ ಹೋದರೆ ಏನೂ ತಿಳಿಯುವುದಿಲ್ಲ. ಗುತ್ತಿಗೆ ಹುಡುಗರಿಗೆ ಗ್ಲೌಸ್, ಬೆಲ್ಟ್ ಯಾರು ಕೊಡುತ್ತಾರೆ ಅಂತ ಗುತ್ತಿಗೆದಾರನನ್ನು ಕೇಳಬೇಡ, ಆ ಹುಡುಗರನ್ನೇ ಕೇಳು. ತರಬೇತಿ ಕೊಟ್ಟಿದ್ದೇವೆ ಅಂತ ಸಹಿ ಹಾಕಿಸಿಕೊಂಡ ಕಾಗದ ತೋರಿಸುತ್ತಾರೆ. ಸಹಿ ಹಾಕಿದವನ ಕೈಗೆ ರಾಡ್ ಕೊಟ್ಟು, ಹಾಕಿ ತೋರಿಸು ಅನ್ನು. ಯೂನಿಯನ್ನಿನವರು ಮೇಜು ಗುದ್ದಿದರೆ ಹೆದರಬೇಡ, ನಾನೂ ಗುದ್ದಿದವನೇ. ಮತ್ತೆ ರಾತ್ರಿ ಹೊತ್ತು ಘಾಟಿಯಲ್ಲಿ ಕಾರು ಓಡಿಸಬೇಡ. ಅಧಿಕಾರಿಯಾದರೂ ಅಷ್ಟೇ.

ನನಗೆ ಹೆಮ್ಮೆಯಿಲ್ಲ ಅಂದುಕೊಂಡಿದ್ದೀಯಾ? ಲಿಂಗನಮಕ್ಕಿ ಕಟ್ಟಿದಾಗ ನಿನ್ನಜ್ಜನ ಗದ್ದೆ, ಮನೆ ನೀರಿನ ಪಾಲಾಯಿತು. ಅದೇ ನೀರಿನ ಕರೆಂಟಿಗೆ ನಾನು ತಂತಿ ಎಳೆದೆ. ಆ ತಂತಿ ಎಳೆಯುವವರ ಅನ್ನ ಈಗ ನಿನ್ನ ಸಹಿಯಲ್ಲಿದೆ. ಅಜ್ಜ ಇದ್ದಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಿಲ್ಲ. ಸಬ್‌ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳಿಗೆ ನೀನು ಹಟ ಹಿಡಿದು ಶೌಚಾಲಯ ಕಟ್ಟಿಸಿದ್ದನ್ನು ನಾಲ್ಕು ಜನರ ಹತ್ತಿರವಾದರೂ ಹೇಳಿಕೊಂಡಿದ್ದೇನೆ. ನಿನ್ನೆದುರಿಗೆ ಹೇಳಿಲ್ಲ, ಅಷ್ಟೇ.

ಅಮಾನತಾದ ಆ ಹುಡುಗ ಮೊನ್ನೆ ಮನೆಗೆ ಬಂದಿದ್ದ. "ಮಗಳಿಗೆ ಒಂದು ಮಾತು ಹೇಳಿ ಸಾರ್" ಅಂದ. ಅದೆಲ್ಲ ಆಗಲ್ಲ ಅಂದೆ. ನಿನ್ನಮ್ಮ ಕಾಫಿ ಕೊಟ್ಟಳು, ಕುಡಿದು ಹೋದ. ಆವತ್ತು ಅವನೂ ಗುಡ್ಡದ ಮೇಲೆ ಒಬ್ಬನೇ ಇದ್ದನಂತೆ. ಫೋನಿಗೆ ಸಿಗ್ನಲ್ ಇರಲಿಲ್ಲವಂತೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ವಿಚಾರಣೆಗೆ ಎಲ್‌ಸಿ ಪುಸ್ತಕ ಹೇಗೂ ತರಿಸುತ್ತೀಯ. ಅದರ ಜೊತೆ ಆ ಸೆಕ್ಷನ್ನಿನ ಹಾಜರಿ ಪುಸ್ತಕವನ್ನೂ ತರಿಸು. ಇದು ಶಿಫಾರಸು ಅಂತ ನಿನಗನ್ನಿಸಿದರೆ ಕಾಗದ ಹರಿದು ಹಾಕು.

ಭಾನುವಾರ ಅಮ್ಮನ ಫೋನಿಗೆ ಮಾಡಿದರೆ ನಾನೇ ಎತ್ತುತ್ತೇನೆ. ಇಟ್ಟುಬಿಡಬೇಡ.

ನಿನ್ನ
ಅಪ್ಪಯ್ಯ