ನನ್ನ ಬಿಪಿ ಇಳಿಸಿದವರಿಗೆಲ್ಲ ಥ್ಯಾಂಕ್ಸ್

ಮೊನ್ನೆ ಡಾಕ್ಟರು ಚೀಟಿಯಲ್ಲಿ 126/80 ಅಂತ ಬರೆದು "ಹೀಗೇ ಇರ್ಲಿ" ಅಂದರು. ಮಳೆಗಾಲ ಶುರುವಾಗುವಾಗ ಅಲ್ಲಿ 160/100 ಇತ್ತು. ಮಗನ ಜ್ವರಕ್ಕೆ ಅಂತ ಹೋಗಿದ್ದೆ, ನನಗೆ ತಲೆನೋವು ಕೂಡ ಇರಲಿಲ್ಲ, ಸುಮ್ನೆ ನೋಡುವಾ ಅಂತ ನನ್ನ ತೋಳಿಗೆ ಪಟ್ಟಿ ಸುತ್ತಿದ್ದು ಅವರೇ. ಬೇರೆ ಬೇರೆ ದಿನ ಮತ್ತೆ ಕರೆಸಿ, 140/90ರಿಂದ ಕೆಳಗೆ ಬರ್ತಾನೇ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರೆ ಬರೆದರು. ಮೊದಲು ಕೊಟ್ಟ ಅಮ್ಲೋಡಿಪಿನ್‌ನಿಂದ ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. "ಕೆಲವರಿಗೆ ಹಾಗಾಗ್ತದೆ" ಅಂತ ಬೇರೆ ಬರೆದುಕೊಟ್ಟರು. ಆ ತಾಳ್ಮೆಗೆ ಮೊದಲ ಥ್ಯಾಂಕ್ಸ್.

"ಟೆನ್ಶನ್ ಮಾಡ್ಬೇಡಿ, ದಿನಾ ಅರ್ಧ ಗಂಟೆ ನಡೀರಿ" ಅಂತ ಹೇಳುವವರು ಸಾವಿರ ಜನ ಸಿಗ್ತಾರೆ. ಆ ಅರ್ಧ ಗಂಟೆ ಎಲ್ಲಿಂದ ತರೋದು? ಬೆಳಿಗ್ಗೆ ಎರಡು ಬುತ್ತಿ, ಒಂದು ಕಾಲಿನ ಸಾಕ್ಸ್ ನಾಪತ್ತೆ, ಅಷ್ಟರಲ್ಲಿ ಬಸ್ಸಿನ ಹೊತ್ತು. ಸಲಹೆ ಕೊಟ್ಟವರಿಗಲ್ಲ, ಆ ಅರ್ಧ ಗಂಟೆ ಕೊಟ್ಟವರಿಗೆ ಈ ಬರಹ.

ಎದುರುಮನೆ ಅಕ್ಕ ತಮ್ಮ ಮಕ್ಕಳ ಜೊತೆ ನನ್ನಿಬ್ಬರನ್ನೂ ಸ್ಕೂಲ್ ವ್ಯಾನ್‌ಗೆ ಹತ್ತಿಸ್ತಾರೆ. ಅದರಿಂದಲೇ ನಾನು ಕೊಡೆ ಹಿಡಿದುಕೊಂಡಾದರೂ ಉಡುಪಿಯ ಅಜ್ಜರಕಾಡಿನ ಭುಜಂಗ ಪಾರ್ಕ್‌ನಲ್ಲಿ ಸುತ್ತು ಹಾಕಲು ಸಾಧ್ಯವಾದದ್ದು. ನಮ್ಮನೆಯವರು ಸಂಜೆಯ ಹೋಂವರ್ಕ್ ವಹಿಸಿಕೊಂಡರು. ಅದಕ್ಕೆ ಥ್ಯಾಂಕ್ಸ್ ಹೇಳಬೇಕಾ ಅಂತ ಒಂದು ಕ್ಷಣ ಯೋಚಿಸಿದೆ, ಮಕ್ಕಳು ಅವರದ್ದೂ ಅಲ್ವಾ! ಇರಲಿ, ಗಣಿತದ ದಿನಗಳಿಗಾದರೂ ಹೇಳ್ತೇನೆ. ರಾತ್ರಿ ವಾಟ್ಸಾಪ್‌ನಲ್ಲಿ ಲೆಕ್ಕ ಕೇಳುವುದನ್ನು ಬಿಟ್ಟ ಆಫೀಸಿನವರಿಗೂ.

ಅತ್ತೆಯದ್ದೇ ದೊಡ್ಡ ಪಾಲು. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಸರಿಸುಮಾರು ಒಂದು ಸಣ್ಣ ಚಮಚ, ಅದೂ ಬೆಳಗಿನಿಂದ ರಾತ್ರಿವರೆಗೆ ತಿಂದದ್ದೆಲ್ಲ ಸೇರಿ ಅಂದಾಗ ಅವರು "ಗಂಜಿ ಗಂಟಲಲ್ಲಿ ಇಳೀಬೇಕಲ್ಲ ಮಾರಾಯ್ತಿ" ಅಂದರು. ನಮ್ಮ ಕಡೆ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಕೇ ಬೇಕು, ಎಲ್ಲದರಲ್ಲೂ ಉಪ್ಪೇ. ಮರುದಿನ ನೋಡಿದರೆ ಬಿಂಬುಳಿ, ಸೂಜಿಮೆಣಸು, ಶುಂಠಿ, ತೆಂಗಿನಕಾಯಿ ಹಾಕಿ ಗಟ್ಟಿ ಚಟ್ನಿ ಅರೆದಿಟ್ಟಿದ್ದಾರೆ, ಉಪ್ಪು ಹೆಸರಿಗೆ ಮಾತ್ರ. ಹುಳಿ, ಖಾರ ಮುಂದಿದ್ದರೆ ಉಪ್ಪು ಕಮ್ಮಿ ಅಂತ ನಾಲಿಗೆಗೆ ಗೊತ್ತೇ ಆಗೋದಿಲ್ಲ. ಸಾರು ಕುದಿಯುವಾಗ ಉಪ್ಪು ಹಾಕುವ ಮೊದಲೇ ನನ್ನ ಪಾಲನ್ನು ಬೇರೆ ತೆಗೆದಿಡ್ತಾರೆ. ಈಗ ಅದರಿಂದಲೇ ತಾವೂ ಬಡಿಸಿಕೊಳ್ತಾರೆ, ಆದರೆ ಒಪ್ಪಿಕೊಳ್ಳೋದಿಲ್ಲ.

ಮನೆಯಲ್ಲಿ ಬಿಪಿ ನೋಡುವ ಮಿಷನ್ ಮಾತ್ರ ಮಗಳ ಸುಪರ್ದಿಯಲ್ಲಿದೆ. ಮೂರನೇ ಕ್ಲಾಸು, ಸ್ಟಾಫ್ ನರ್ಸ್ ಹಾಗೆ ಗತ್ತು. ಕಾಫಿ ಕುಡಿದು ಅರ್ಧ ಗಂಟೆ ಆಗದೆ ಪಟ್ಟಿ ಸುತ್ತೋದಿಲ್ಲ. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಧಾರ, ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. "ಅಮ್ಮಾ, ಕಾಲ ಮೇಲೆ ಕಾಲು ಹಾಕ್ಬೇಡ! ಮಾತಾಡ್ಬೇಡ!" ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡೂ ಅಂಕಿ ಹಳೇ ನೋಟ್‌ಬುಕ್ಕಿನಲ್ಲಿ ಬರೀತಾಳೆ. ಆ ಪುಸ್ತಕವನ್ನೇ ಡಾಕ್ಟರಿಗೆ ತೋರಿಸಿದ್ದು. ಈ ಮನೆಯಲ್ಲಿ ಯಾರೂ ಕರೆಯದ ಐದು ನಿಮಿಷ ಅಂದರೆ ಅದೊಂದೇ.

ಮತ್ತೆ, ಮಾತ್ರೆ ಬಿಟ್ಟಾಯ್ತಾ ಅಂತ ಕೇಳುವವರಿಗೆ: ಇಲ್ಲ. ಮಾತ್ರೆ ತಿನ್ನುವುದರಿಂದಲೂ ಇಳಿದದ್ದು, ನಾನಾಗಿ ನಿಲ್ಲಿಸುವ ಹಾಗಿಲ್ಲ. ಮುಂದಿನ ತಪಾಸಣೆ ದೀಪಾವಳಿ ಕಳೆದ ಮೇಲೆ. ಆ ದಿನ ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಯಾರದ್ದು ಅಂತ ಈಗಲೇ ಹೇಳಿಬಿಡಿ.